ಎರಡರಿಂದ ನಾಲ್ಕರ ಪಾಳಿ

ಅಪ್ಪ ಮನೆಗೆ ಬಂದಿದ್ದಾನೆ. ಗೋಡೆ ಹಿಡಿಯದೆ ಬಚ್ಚಲಿಗೆ ಹೋಗಿಬರುತ್ತಾನೆ, ಚಹಾಕ್ಕೆ ಸಕ್ಕರೆ ಸಾಲದೆಂದು ಜಗಳ ತೆಗೆಯುತ್ತಾನೆ, ಪತ್ರಿಕೆ ತಡವಾದರೆ ಗೇಟಿನ ಹತ್ತಿರ ಹೋಗಿ ನಿಲ್ಲುತ್ತಾನೆ. ಹೇಗಿದ್ದಾರೆ ಎಂದು ಫೋನ್ ಮಾಡುತ್ತಿರುವ ಎಲ್ಲರಿಗೂ ಇದಕ್ಕಿಂತ ಒಳ್ಳೆಯ ಉತ್ತರ ನನ್ನಲ್ಲಿಲ್ಲ. ಆಸ್ಪತ್ರೆಯಲ್ಲಿ ಏನೇನಾಯಿತು ಎಂಬುದನ್ನು ನಿಮ್ಮಲ್ಲಿ ಹೆಚ್ಚಿನವರು ಬಲ್ಲಿರಿ. ಕೆಲವರಂತೂ ನನಗೇ ವಿವರಿಸಿ ಹೇಳಿದ್ದೀರಿ. ಅದನ್ನು ಮತ್ತೆ ಬರೆಯುವುದಿಲ್ಲ. ಋಣ ಹೇಳಿಕೊಳ್ಳುವುದಿದೆ, ಅಷ್ಟನ್ನು ಬರೆಯುತ್ತೇನೆ.

ಮೊದಲು ಬಹಳ ಜನರನ್ನು ಒಂದೇ ಉಸಿರಿನಲ್ಲಿ ನೆನೆಯುತ್ತೇನೆ, ಬೇಸರಪಡಬೇಡಿ. ಪುಣೆಯಿಂದ ರಾತ್ರೋರಾತ್ರಿ ಕಾರು ಓಡಿಸಿಕೊಂಡು ಬಂದ ತಮ್ಮ, ಬಂದವಳೇ ಅಡುಗೆಮನೆಯ ಭಾರ ಹೊತ್ತುಕೊಂಡ ಅವನ ಹೆಂಡತಿ, ನನ್ನ ಒಂಬತ್ತನೆಯ ತರಗತಿಯ ಗಣಿತವನ್ನು ತಮ್ಮ ಪಾಠಗಳ ಜೊತೆಗೇ ಸಾಗಿಸಿದ ಸಹೋದ್ಯೋಗಿಗಳು, ರಕ್ತ ಕೊಡಲು ತರಗತಿ ಬಿಟ್ಟು ಬಂದ ಕಾಲೇಜಿನ ಹುಡುಗರು, ದಿನವೂ ರೊಟ್ಟಿ ಮತ್ತು ಪುಂಡಿ ಪಲ್ಯದ ಡಬ್ಬಿ ಕಳುಹಿಸಿದ ಎದುರು ಮನೆಯವರು, ಬಾಡಿಗೆ ಕೊಡಲು ಹೋದರೆ ಕೈಮುಗಿದು ಹೊರಟೇಹೋದ ಆಟೋದವರು, ಹೆಸರು ಕೇಳುವಷ್ಟರಲ್ಲಿ ಪಾಳಿ ಮುಗಿಸಿ ಹೋಗಿರುತ್ತಿದ್ದ ನರ್ಸ್‌ಗಳು, ಎಲ್ಲರಿಗೂ ಶರಣು. ಶರಣಬಸವೇಶ್ವರ ಗುಡಿಯಿಂದ ಭಸ್ಮ ತಂದ ಸೋದರತ್ತೆಗೂ, ಬಂದೇ ನವಾಜ್ ದರ್ಗಾದಿಂದ ದಾರ ತಂದ ಅಪ್ಪನ ಗೆಳೆಯರಿಗೂ ಬೇರೆ ಬೇರೆಯಾಗಿ ಹೇಳಬೇಕೆಂದಿದ್ದೆ. ಆದರೆ ಐಸಿಯುನ ನರ್ಸ್ ಎರಡನ್ನೂ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮಂಚದ ಕಂಬಿಗೆ ಕಟ್ಟಿಬಿಟ್ಟರು. ಯಾರ ಪಾಲು ಎಷ್ಟು ಎಂದು ಇನ್ನು ವಿಂಗಡಿಸಲಾಗದು.

ಸೈನಿಕ ಕಲ್ಯಾಣ ಇಲಾಖೆಯ ಗುಮಾಸ್ತರೊಬ್ಬರಿಗೆ ಮಾತ್ರ ಒಂದು ವಾಕ್ಯ ಹೆಚ್ಚು ಸಲ್ಲಬೇಕು. ಅಪ್ಪ ಆಸ್ಪತ್ರೆ ಸೇರಿದ್ದು ನವೆಂಬರ್‌ನಲ್ಲಿ. ಪಿಂಚಣಿದಾರರು ತಾವಿನ್ನೂ ಬದುಕಿದ್ದೇವೆ ಎಂದು ಸರಕಾರಕ್ಕೆ ಪ್ರಮಾಣಪತ್ರ ಕೊಡಬೇಕಾದ ತಿಂಗಳು ಅದು. ಅಪ್ಪ ಐಸಿಯುನಿಂದ ವಾರ್ಡಿಗೆ ಬಂದ ಮೇಲೆ ಆ ಗುಮಾಸ್ತರು ತಾವಾಗಿಯೇ ಬಂದು ನನ್ನ ಮೊಬೈಲ್‌ನಲ್ಲಿ ಜೀವನ್ ಪ್ರಮಾಣ್ ಆ್ಯಪ್ ಹಾಕಿಕೊಟ್ಟರು. ಮುಖ ತೋರಿಸಬೇಕು, ಕಣ್ಣು ಮಿಟುಕಿಸಬೇಕು. ಮೂಗಿನಲ್ಲಿ ನಳಿಕೆ ಇಟ್ಟುಕೊಂಡೇ ಅಪ್ಪ ಕಣ್ಣು ಮಿಟುಕಿಸಿದ. ಆ್ಯಪ್ ಒಪ್ಪಲಿಲ್ಲ. ನಳಿಕೆಯನ್ನು ಸ್ವಲ್ಪ ಸರಿಸಿ ಇನ್ನೊಮ್ಮೆ ಮಿಟುಕಿಸಿದ. ಒಪ್ಪಿತು. ವಾರಗಟ್ಟಲೆ ವೈದ್ಯರು ಖಚಿತವಾಗಿ ಹೇಳದೆ ಇದ್ದ ಮಾತನ್ನು ಒಂದು ಮೊಬೈಲ್ ಹೇಳಿಬಿಟ್ಟಿತೆಂದು ವಾರ್ಡಿನಲ್ಲಿ ಎಲ್ಲರೂ ನಕ್ಕೆವು. ಅಪ್ಪನೂ ನಕ್ಕ, ಹೊಲಿಗೆ ಹಾಕಿದ ಜಾಗ ಒತ್ತಿ ಹಿಡಿದುಕೊಂಡು.

ಇನ್ನುಳಿದುದೆಲ್ಲ ಒಬ್ಬರ ಕುರಿತು.

ಬೀದರ್ ಜಿಲ್ಲೆಯ ಔರಾದ ತಾಲೂಕಿನ ಅವರನ್ನು ನಾವು ಕಾಕಾ ಎನ್ನುತ್ತೇವೆ. ರಕ್ತಸಂಬಂಧವಿಲ್ಲ. ಅಪ್ಪ ಇದ್ದುದು ಮದ್ರಾಸ್ ಸ್ಯಾಪರ್ಸ್‌ನಲ್ಲಿ, ಬೆಂಗಳೂರಿನ ಹಲಸೂರು ಕೆರೆಯ ಪಕ್ಕದಲ್ಲಿ ಕೇಂದ್ರವಿರುವ ಮದ್ರಾಸ್ ಎಂಜಿನಿಯರ್ ಗ್ರೂಪ್‌ನಲ್ಲಿ. 1780ರಲ್ಲಿ ಹುಟ್ಟಿದ ದಳ ಅದು. ಸೇತುವೆ ಹಾಕುವುದು, ದಾರಿ ಮಾಡುವುದು, ನೆಲಬಾಂಬ್ ಹೂಳುವುದು, ಹೂಳಿದ್ದನ್ನು ಮತ್ತೆ ತೆಗೆಯುವುದು ಅವರ ಕೆಲಸ. ಕಾಕಾ ತರಬೇತಿಗೆ ಸೇರಿದಾಗ ಅಪ್ಪ ಅವರಿಗೆ ಉಸ್ತಾದ್. ಇಬ್ಬರೂ ಪಿಂಚಣಿಗೆ ಬಂದು ವರ್ಷಗಳಾದರೂ ಕಾಕಾನ ಬಾಯಲ್ಲಿ ಅಪ್ಪ ಇವತ್ತಿಗೂ ಉಸ್ತಾದರೇ. ಬೀದರಿನವರಿಗೆ ಫೌಜು ಎಂದರೆ ತಲೆಯ ಮೇಲೆ ಹಾರುವ ವಿಮಾನ. ವಾಯುನೆಲೆ ಅಲ್ಲೇ ಇದೆ, ವಿಮಾನ ಕಸರತ್ತು ತೋರಿಸುವ ಸೂರ್ಯಕಿರಣ ತಂಡದ ಮನೆಯೂ ಅದೇ. ಕಾಕಾ ನಗುತ್ತಾರೆ: ‘ನಮ್ಮ ಊರಿನವರು ಮೇಲೆ ನೋಡಿ ಸೆಲ್ಯೂಟ್ ಹೊಡೆಯುತ್ತಾರೆ. ನಾವು ಕೆಳಗೆ ನೋಡಿಕೊಂಡು ನೌಕರಿ ಮಾಡಿದವರು.’

ಅಪ್ಪ ಐಸಿಯುನಲ್ಲಿದ್ದ ಆ ರಾತ್ರಿ ಕಾಕಾ ಹುಮನಾಬಾದ್ ಮೇಲಿನಿಂದ ಬರುವ ಕೊನೆಯ ಬಸ್ಸಿನಲ್ಲಿ ಬಂದರು. ಯಾರೂ ಕರೆದಿರಲಿಲ್ಲ, ಅವ್ವ ಫೋನಿನಲ್ಲಿ ‘ಸ್ವಲ್ಪ ಆರಾಮಿಲ್ಲ’ ಎಂದಷ್ಟೇ ಹೇಳಿದ್ದಳು. ಕೈಯಲ್ಲಿ ಒಂದು ಚೀಲ. ಅದರಲ್ಲಿ ಕಂಬಳಿ, ಟಾರ್ಚ್, ಸ್ಟೀಲ್ ಲೋಟ, ಒಂದು ಪೊಟ್ಟಣ ಹುರಿದ ಶೇಂಗಾ ಮತ್ತು ಬೆಲ್ಲ. ಐಸಿಯು ಬಾಗಿಲಿನ ಮುಂದೆ ನಾವು ಗುಂಪಾಗಿ ನಿಂತಿದ್ದೆವು. ಬಂದವರೆಲ್ಲ ಕೇಳುವ ಪ್ರಶ್ನೆ ಒಂದೇ, ಡಾಕ್ಟರು ಏನಂದರು ಎಂದು. ಕಾಕಾ ಅದನ್ನು ಕೇಳಲಿಲ್ಲ. ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿ, ‘ನೀವು ಯಾರು ಯಾರು ಎಷ್ಟು ಹೊತ್ತಿನಿಂದ ನಿದ್ದೆಗೆಟ್ಟಿದ್ದೀರಿ?’ ಎಂದರು.

ಯಾರ ಬಳಿಯೂ ಉತ್ತರವಿರಲಿಲ್ಲ. ಅವ್ವನಂತೂ ಹಿಂದಿನ ದಿನದಿಂದ ಆ ಉಕ್ಕಿನ ಕುರ್ಚಿ ಬಿಟ್ಟು ಎದ್ದಿರಲಿಲ್ಲ. ಊಟ ಮಾಡು ಎಂದರೆ ಆಮೇಲೆ, ಮಲಗು ಎಂದರೆ ನಿದ್ದೆ ಬಾರದು. ಕಾಕಾ ಔಷಧಿ ಅಂಗಡಿಯ ಬಿಲ್ಲೊಂದನ್ನು ಕೇಳಿ ಪಡೆದು, ಅದರ ಹಿಂಬದಿಯಲ್ಲಿ ಗೆರೆ ಎಳೆದರು. ಹತ್ತರಿಂದ ಹನ್ನೆರಡು ಒಬ್ಬರು, ಹನ್ನೆರಡರಿಂದ ಎರಡು ಇನ್ನೊಬ್ಬರು, ಎರಡರಿಂದ ನಾಲ್ಕು ತಾವು, ನಾಲ್ಕರಿಂದ ಆರು ಅವ್ವ. ಪಾಳಿ ಇಲ್ಲದವರು ಕೆಳಗಿನ ಹಾಲ್‌ನಲ್ಲಿ ಮಲಗಬೇಕು. ಕುಳಿತು ತೂಕಡಿಸುವಂತಿಲ್ಲ, ಕಾಲು ಚಾಚಿ ಮಲಗಬೇಕು.

ಅವ್ವ ಒಪ್ಪಲಿಲ್ಲ. ಆಗ ಕಾಕಾ ಹೇಳಿದ ಮಾತು: ‘ವೈನಿ, ನಿಮ್ಮದು ನಸುಕಿನ ಡ್ಯೂಟಿ. ನೀವು ಈಗ ಮಲಗದಿದ್ದರೆ ನಾಲ್ಕಕ್ಕೆ ನನ್ನನ್ನು ಯಾರು ಬಿಡಿಸುತ್ತಾರೆ?’

ಮಗಳು ಹೇಳಿದರೆ ಕೇಳದವಳು, ಮಗ ಫೋನಿನಲ್ಲಿ ಗೋಗರೆದರೂ ಕೇಳದವಳು, ಎದ್ದು ಹೋಗಿ ಕಂಬಳಿ ಹೊದ್ದು ಮಲಗಿದಳು. ತನಗಾಗಿ ಮಲಗು ಎಂದರೆ ಅವಳು ಮಲಗುವವಳಲ್ಲ. ಇನ್ನೊಬ್ಬರನ್ನು ಬಿಡಿಸಲು ಎಂದ ಕೂಡಲೇ ನಿದ್ದೆ ಬಂತು.

ಎರಡೇ ತಾಸು ಏಕೆ ಎಂದು ನಾನು ಕೇಳಿದೆ. ಗಣಿತ ಕಲಿಸುವವಳ ಚಾಳಿ, ಲೆಕ್ಕ ಕಂಡಲ್ಲಿ ಕಾರಣ ಕೇಳುವುದು. ಕಾಕಾ ಶೇಂಗಾ ಬಿಡಿಸುತ್ತಾ, ಮೈನ್ ತೆಗೆಯುವ ಕೆಲಸ ಹೇಗಿರುತ್ತದೆಂದು ಹೇಳಿದರು. ಬೋರಲು ಮಲಗಿ ಮುಂದೆ ಸಾಗಬೇಕು. ಸಲಾಕೆಯನ್ನು ನೆಲಕ್ಕೆ ನೇರವಾಗಿ ಇಳಿಸುವಂತಿಲ್ಲ, ಓರೆಯಾಗಿ ಚುಚ್ಚಬೇಕು. ಗಟ್ಟಿಯಾದದ್ದು ಏನಾದರೂ ತಾಗಿತೋ, ಕೈ ಅಲ್ಲಿಯೇ ನಿಲ್ಲಬೇಕು. ಆಮೇಲೆ ಬೆರಳಿನಿಂದ ಮಣ್ಣು ಸರಿಸಿ ನೋಡಬೇಕು. ಖಾತ್ರಿಯಾದ ದಾರಿಯ ಅಂಚಿಗೆ ಬಿಳಿ ಪಟ್ಟಿ ಎಳೆಯಬೇಕು. ಅರ್ಧ ತಾಸಿನೊಳಗೆ ಆಳು ಬದಲಾಗಬೇಕು, ಏಕೆಂದರೆ ದಣಿದ ಬೆರಳಿಗೆ ಕಲ್ಲಿಗೂ ಮೈನಿಗೂ ವ್ಯತ್ಯಾಸ ತಿಳಿಯುವುದಿಲ್ಲ. ‘ನನಗೇನೂ ಆಗಿಲ್ಲ, ಇನ್ನಷ್ಟು ಮಾಡುತ್ತೇನೆ ಎಂದವನನ್ನೇ ಉಸ್ತಾದರು ಮೊದಲು ಎಬ್ಬಿಸಿ ಹಿಂದಕ್ಕೆ ಕಳುಹಿಸುತ್ತಿದ್ದರು’ ಎಂದರು. ಹೇಳುತ್ತಾ ಅವ್ವ ಮಲಗಿದ್ದ ದಿಕ್ಕಿಗೆ ಗದ್ದ ತೋರಿಸಿದರು.

ಮೂರರ ಸುಮಾರಿಗೆ ಅವರೇ ನನ್ನನ್ನು ಎಬ್ಬಿಸಿದರು. ಒಳಗಿನಿಂದ ವೈದ್ಯರು ಒಂದು ಕಾಗದ ತಂದಿದ್ದರು. ಮನೆಯವರ ಸಹಿ ಬೇಕಿತ್ತು, ತಕ್ಷಣ. ತಮ್ಮನ ಕಾರು ಇನ್ನೂ ಸೊಲ್ಲಾಪುರದ ಹತ್ತಿರ ಇತ್ತು. ಕಾಕಾ ಲೋಟದಲ್ಲಿ ನೀರು ಹಿಡಿದು ನಿಂತಿದ್ದರು. ‘ಮೊದಲು ನೀರು ಕುಡಿ. ಆಮೇಲೆ ಪೂರ್ತಿ ಓದು. ತಿಳಿಯದ್ದನ್ನು ಕೇಳು. ಆಮೇಲೆ ಸಹಿ.’ ವೈದ್ಯರು ಚಡಪಡಿಸುತ್ತಿದ್ದರು. ನಾನು ಓದಿದೆ. ಟಾರ್ಚಿನ ಬೆಳಕು ಸಾಲಿನಿಂದ ಸಾಲಿಗೆ ನನ್ನ ಕಣ್ಣಿನ ಜೊತೆಗೇ ಇಳಿಯುತ್ತಿತ್ತು; ಕಾರಿಡಾರಿನ ದೀಪ ಅಷ್ಟು ಮಂದವಾಗಿತ್ತು. ಜೀವಕ್ಕೆ ಅಪಾಯವಾಗಬಹುದು ಎಂಬ ಸಾಲಿನ ಕೆಳಗೆ ನನ್ನ ಹೆಸರು ಬರೆದೆ. ದಿನಕ್ಕೆ ನೂರು ಸಲ ಕಪ್ಪುಹಲಗೆಯ ಮೇಲೆ ಬರೆಯುವ ಕೈ, ಸ್ವಂತ ಹೆಸರಿನ ಎರಡನೆಯ ಅಕ್ಷರಕ್ಕೆ ಒತ್ತು ಮರೆಯಿತು.

ಬಾಗಿಲು ಮುಚ್ಚಿದ ಮೇಲೆ ಅಳು ಬರಲಿಲ್ಲ. ಸಿಟ್ಟು ಬಂತು. ಯಾಕೆಂದು ಈಗ ಹೇಳಬಲ್ಲೆ. ನನ್ನ ಬಾಲ್ಯದಲ್ಲಿ ಅಪ್ಪ ಹೆಚ್ಚಾಗಿ ಮನೆಯಲ್ಲಿ ಇರಲಿಲ್ಲ. ಅಜ್ಜಿ ತೀರಿಕೊಂಡಾಗ ಇರಲಿಲ್ಲ, ತಮ್ಮನ ಕೈ ಮುರಿದಾಗ ಇರಲಿಲ್ಲ, ನಾನು ಎಸ್ಸೆಸ್ಸೆಲ್ಸಿ ಪಾಸಾದಾಗ ಇರಲಿಲ್ಲ. ನಿವೃತ್ತಿಯಾಗಿ ಬಂದವನು ಬ್ಯಾಂಕೊಂದರ ಬಾಗಿಲಿಗೆ ಬಂದೂಕು ಹಿಡಿದು ನಿಂತ. ಹಬ್ಬದ ಹಿಂದಿನ ದಿನವೂ ಡ್ಯೂಟಿ. ಈಗ ಕೊನೆಗೂ ಮನೆಯಲ್ಲಿ ಕುಳಿತ ಎನ್ನುವಷ್ಟರಲ್ಲಿ ಮತ್ತೆ ಹೇಳದೆ ಕೇಳದೆ ಹೊರಟಿದ್ದಾನೆ. ಇದನ್ನೆಲ್ಲ ಆ ಕಾರಿಡಾರಿನಲ್ಲಿ ಕಾಕಾನ ಎದುರು ಗಟ್ಟಿಯಾಗಿಯೇ ಹೇಳಿದೆ. ಮಲಗಿದ್ದ ಇಬ್ಬರು ಮೂವರು ಎದ್ದು ಕುಳಿತು ನೋಡಿದರು.

ದೇಶಸೇವೆ ಎಂದೋ, ತ್ಯಾಗ ಎಂದೋ ಕಾಕಾ ಏನಾದರೂ ಹೇಳಿದ್ದರೆ ನಾನು ಆ ಲೋಟವನ್ನು ಎಸೆಯುತ್ತಿದ್ದೆನೇನೋ. ಅವರು ಹೇಳಿದ್ದು ಇಷ್ಟೇ: ‘ಸಿಟ್ಟು ಸರಿಯಾಗಿದೆ, ಮಗಳೆ. ಇಟ್ಟುಕೋ. ಉಸ್ತಾದರು ಎದ್ದ ಮೇಲೆ ಅವರಿಗೇ ಹೇಳು. ನನ್ನ ಮುಂದೆ ಖರ್ಚು ಮಾಡಬೇಡ.’ ಆಮೇಲೆ ಗಡಿಯಾರ ನೋಡಿ, ‘ಇನ್ನೂ ನಲವತ್ತು ನಿಮಿಷ ನನ್ನ ಪಾಳಿ. ಹೋಗಿ ಮಲಗು’ ಎಂದರು.

ನಾಲ್ಕಕ್ಕೆ ಸರಿಯಾಗಿ ಅವ್ವನನ್ನು ಎಬ್ಬಿಸಿ, ಒಳಗೆ ನಡೆದದ್ದನ್ನು ಒಂದೂ ಬಿಡದೆ ಅವಳಿಗೆ ಒಪ್ಪಿಸಿ, ಅವಳು ಹೂಂ ಎಂದ ಮೇಲೆಯೇ ಕಾಕಾ ಜಾಗ ಬಿಟ್ಟರು. ಅವಳಿಂದ ಏನನ್ನೂ ಮುಚ್ಚಿಡಲಿಲ್ಲ. ಕಾವಲು ಕೊಡುವವನು ಕಾವಲು ತೆಗೆದುಕೊಳ್ಳುವವನಿಗೆ ಸುಳ್ಳು ಹೇಳುವಂತಿಲ್ಲವಂತೆ.

ಅಪ್ಪ ಎದ್ದ ಮೇಲೆ ಸಿಟ್ಟನ್ನು ಅವನಿಗೇ ಹೇಳಿದೆನೇ ಎಂದು ಕೇಳುವಿರಿ. ಹೇಳಿದೆ. ವಾರ್ಡಿನಲ್ಲಿ, ಮೋಸಂಬಿ ಸುಲಿಯುತ್ತಾ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ರಜೆ ಮಂಜೂರಾಗಲಿಲ್ಲವಮ್ಮ’ ಎಂದ. ಅಷ್ಟೇ. ಅದು ನಿಜವೂ ಹೌದು.

2001ರ ಡಿಸೆಂಬರ್ ನನಗೆ ಚೆನ್ನಾಗಿ ನೆನಪಿದೆ. ಅಪ್ಪ ರಜೆಯ ಮೇಲೆ ಆಳಂದ ತಾಲೂಕಿನ ನಮ್ಮ ಊರಿಗೆ ಬಂದಿದ್ದ. ತೊಗರಿ ಕೊಯ್ಲಿಗೆ, ಅದಾದ ಮೇಲೆ ಎಳ್ಳಮಾವಾಸ್ಯೆಗೆ ಇರುತ್ತೇನೆ ಎಂದಿದ್ದ. 13ನೆಯ ತಾರೀಖು ಸಂಸತ್ತಿನ ಮೇಲೆ ದಾಳಿಯಾಯಿತು. ಬೆನ್ನಿಗೇ ತಂತಿ ಬಂತು. ಅವ್ವ ಆ ರಾತ್ರಿಯೆಲ್ಲ ರೊಟ್ಟಿ ಬಡಿದು, ಒಲೆಯ ಬದಿಯಲ್ಲಿ ನಿಲ್ಲಿಸಿ ಕಡಕ್ ಮಾಡಿ, ಹಳೆಯ ಧೋತರದಲ್ಲಿ ಸುತ್ತಿ ಕಪ್ಪು ಟ್ರಂಕಿನ ಮೇಲ್ಭಾಗದಲ್ಲಿ ಇಟ್ಟಳು. ಆಪರೇಷನ್ ಪರಾಕ್ರಮ್ ಎಂದು ಹೆಸರು ಗೊತ್ತಾದದ್ದು ಆಮೇಲೆ. 2002ರ ಅಕ್ಟೋಬರ್‌ನಲ್ಲಿ ಸೈನ್ಯವನ್ನು ಹಿಂದಕ್ಕೆ ಕರೆಸುವ ತೀರ್ಮಾನವಾಗುವವರೆಗೂ ಲಕ್ಷಾಂತರ ಸೈನಿಕರು ಗಡಿಯಲ್ಲಿ ಕಾದು ನಿಂತರು. ಯುದ್ಧ ನಡೆಯಲಿಲ್ಲ. ಆದರೆ ಪಂಜಾಬ್, ರಾಜಸ್ಥಾನಗಳ ಗಡಿಯುದ್ದಕ್ಕೂ ಹೊಲಗಳಲ್ಲಿ ಮೈನ್ ಹೂಳಲಾಗಿತ್ತು, ಆಮೇಲೆ ಅವನ್ನು ತೆಗೆಯಬೇಕಾಯಿತು. ಮರಳುಗಾಡಿನಲ್ಲಿ ಮರಳು ಸರಿದಂತೆ ಮೈನೂ ಸರಿಯುತ್ತದೆ. ನಕ್ಷೆಯಲ್ಲಿ ಇದ್ದ ಕಡೆ ನೆಲದಲ್ಲಿ ಇರುವುದಿಲ್ಲ. ಯುದ್ಧವಿಲ್ಲದ ಆ ಅವಧಿಯಲ್ಲಿ ಸ್ಫೋಟಗಳಿಗೆ, ಅಪಘಾತಗಳಿಗೆ ನೂರಾರು ಸೈನಿಕರು ಬಲಿಯಾದರು.

ಕಾರ್ಗಿಲ್ ಎಂದರೆ ನಮ್ಮ ಶಾಲೆಯ ಮಕ್ಕಳೂ 1999, ಜುಲೈ 26 ಎನ್ನುತ್ತಾರೆ, ಎನ್ನಬೇಕಾದದ್ದೇ. ಪರಾಕ್ರಮ್ ಎಂದರೆ ಯಾರಿಗೂ ಏನೂ ಹೊಳೆಯುವುದಿಲ್ಲ. ಅಪ್ಪನ ಪದಕಗಳ ಸಾಲಿನಲ್ಲಿ ಅದರದ್ದೂ ಒಂದಿದೆ, ಇದು ಯಾವುದು ಎಂದು ಕೇಳಿದವರನ್ನು ನಾನು ಕಂಡಿಲ್ಲ. ಗೆದ್ದ ಯುದ್ಧಕ್ಕೆ ದಿನಾಚರಣೆ ಇರುತ್ತದೆ. ಒಬ್ಬ ರೈತನ ಹೊಲವನ್ನು ಅವನಿಗೆ ಸುರಕ್ಷಿತವಾಗಿ ಮರಳಿಸಿದ್ದಕ್ಕೆ ಎಲ್ಲಿಯದು? ತನ್ನ ತೊಗರಿಯನ್ನು ಹೊಲದಲ್ಲೇ ಬಿಟ್ಟು ಹೋದ ಅಪ್ಪ, ಯಾರದೋ ಗೋಧಿಯ ಹೊಲವನ್ನು ಗೇಣುಗೇಣಾಗಿ ಚುಚ್ಚುತ್ತಾ ಮಲಗಿದ್ದ. ಗಡಿಯ ಆ ರೈತ ದಿನವೂ ದೂರದಲ್ಲಿ ನಿಂತು, ಬಿತ್ತನೆಗೆ ಮೊದಲು ಮುಗಿಯುತ್ತದೆಯೇ ಎಂದು ಕೇಳುತ್ತಿದ್ದನಂತೆ. ಅಪ್ಪನಿಗೆ ಅವನ ಮೇಲೆ ಸಿಟ್ಟು ಬರುತ್ತಿರಲಿಲ್ಲ, ನಾಚಿಕೆಯಾಗುತ್ತಿತ್ತು ಎಂದು ಕಾಕಾ ಹೇಳಿದರು. ಇಷ್ಟು ವರ್ಷ ನಮ್ಮ ಮನೆಯಲ್ಲಿ ಯಾರಿಗೂ ತಿಳಿಯದಿದ್ದ ಮಾತಿದು.

ಕಡಕ್ ರೊಟ್ಟಿಯ ಸುದ್ದಿಯೂ ಅವರಿಂದಲೇ ತಿಳಿಯಿತು. ಗಡಿ ಮುಟ್ಟುವಷ್ಟರಲ್ಲಿ ಎಲ್ಲ ಚೂರಾಗಿತ್ತಂತೆ. ಆ ಚೂರುಗಳನ್ನು ಸೈನ್ಯದ ಅಡುಗೆಮನೆಯಾದ ಲಂಗರಿನ ದಾಲ್‌ನಲ್ಲಿ ನೆನೆಸಿ, ತಮಿಳರು, ತೆಲುಗರು, ಮಲಯಾಳಿಗಳು ಎಲ್ಲರೂ ತಿಂದರು. ‘ವೈನಿ, ಆ ರೊಟ್ಟಿಯ ಋಣ ನನ್ನ ಮೇಲಿತ್ತು’ ಎಂದು ಕಾಕಾ ಹೇಳಿದಾಗ ಅವ್ವ ನಾಚಿ, ‘ಚೂರಾದದ್ದನ್ನು ಯಾಕೆ ನೆನಪಿಡಬೇಕು’ ಎಂದಳು.

ಅವ್ವನಿಗೆ ಧನ್ಯವಾದ ಹೇಳುವುದು ಕಷ್ಟ, ಅವಳು ತೆಗೆದುಕೊಳ್ಳುವುದಿಲ್ಲ. ಆ ಚಳಿಗಾಲದಲ್ಲಿ ತೊಗರಿ ಕೊಯ್ಯಿಸಿದವಳು, ರಾಶಿ ಮಾಡಿಸಿದವಳು, ಚೀಲಗಳ ಮೇಲೆ ಕುಳಿತು ಟ್ರ್ಯಾಕ್ಟರಿನಲ್ಲಿ ಮಾರುಕಟ್ಟೆಗೆ ಹೋದವಳು ಅವಳೇ. ನಮ್ಮಿಬ್ಬರನ್ನು ಶಾಲೆಗೆ ಕಳುಹಿಸಿ, ಅತ್ತೆಗೆ ಔಷಧಿ ಕೊಟ್ಟು, ಮನಿಆರ್ಡರ್ ಬಂದ ದಿನ ಮೊದಲು ಸಾಲದವರ ಮನೆಗೆ ಹೋಗಿ, ಉಳಿದುದರಲ್ಲಿ ತಿಂಗಳು ನಡೆಸಿದಳು. ಆಗ ಅವಳನ್ನು ಯಾರೂ ಪಾಳಿಯಿಂದ ಬಿಡಿಸಲಿಲ್ಲ. ಜನವರಿ 14ರಂದು ಮಾಜಿ ಸೈನಿಕರ ದಿನ. ಸೇನೆಯ ಮೊದಲ ಭಾರತೀಯ ದಂಡನಾಯಕರಾದ ಕೊಡಗಿನ ಕಾರಿಯಪ್ಪನವರು 1953ರಲ್ಲಿ ಅದೇ ದಿನ ನಿವೃತ್ತರಾದರೆಂದು ಆ ತಾರೀಖು. ಈ ಸಲ ಅಪ್ಪ ಸಮಾರಂಭಕ್ಕೆ ಹೋಗುವಂತಿರಲಿಲ್ಲವಾದ್ದರಿಂದ ಗೆಳೆಯರೇ ಮನೆಗೆ ಬಂದು ಶಾಲು ಹೊದಿಸಿದರು. ಸಂಕ್ರಾಂತಿಯ ದಿನವೂ ಹೌದಾದ್ದರಿಂದ ಎಲ್ಲರಿಗೂ ಕುಸುರೆಳ್ಳು ಸಿಕ್ಕಿತು. ಅವರು ಹೋದ ಮೇಲೆ ಅಪ್ಪ ಆ ಶಾಲನ್ನು ಅವ್ವನ ಹೆಗಲಿಗೆ ಹಾಕಿದ. ಅವಳು ತೆಗೆದು ಮಡಚಿ, ಬೀರುವಿನಲ್ಲಿ ಹಳೆಯ ಶಾಲುಗಳ ಮೇಲಿಟ್ಟು, ‘ಇದು ತೆಳ್ಳಗಿದೆ, ಹೋದ ವರ್ಷದ್ದೇ ಚೆನ್ನಾಗಿತ್ತು’ ಎಂದಳು. ಅವಳಿಗೆ ಕೃತಜ್ಞತೆ ಹೇಳುವ ದಾರಿ ನನಗೆ ಕಂಡಂತೆ ಒಂದೇ: ಆ ಔಷಧಿ ಬಿಲ್ಲು ಈಗ ನಮ್ಮ ಅಡುಗೆಮನೆಯ ಕ್ಯಾಲೆಂಡರ್ ಪಕ್ಕದಲ್ಲಿದೆ, ಅದರ ಕೆಳಗೆ ಹೊಸ ಹಾಳೆ. ಬೆಳಗಿನ ಮಾತ್ರೆ ನನ್ನದು, ಮಧ್ಯಾಹ್ನದ್ದು ಅವ್ವನದು, ರಾತ್ರಿಯದು ಪುಣೆಯಿಂದ ವಿಡಿಯೋ ಕರೆ ಮಾಡಿ ನುಂಗಿಸುವ ತಮ್ಮನದು. ಭಾನುವಾರ ಅವ್ವನಿಗೆ ರಜೆ. ಮಂಜೂರಾದ ರಜೆ.

ಎಳ್ಳಮಾವಾಸ್ಯೆಗೆ ಅಪ್ಪನನ್ನು ಕಾರಿನಲ್ಲಿ ಹೊಲಕ್ಕೆ ಕರೆದುಕೊಂಡು ಹೋಗಿದ್ದೆವು. ಭಜ್ಜಿ, ಸಜ್ಜೆ ಕಡುಬು, ಅಂಬಲಿ ಎಲ್ಲ ಇತ್ತು. ವೈದ್ಯರು ಯಾವುದಕ್ಕೆ ಒಪ್ಪಿದ್ದರು, ಅಪ್ಪ ಯಾವುದನ್ನು ತಿಂದ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಚರಗ ಚೆಲ್ಲಲು ಅವನ ಕೈಯಲ್ಲಿ ಇನ್ನೂ ಬಲವಿರಲಿಲ್ಲ. ತಮ್ಮ ಚೆಲ್ಲಿದ, ಅಪ್ಪ ಬದುವಿನ ಮೇಲೆ ಕುರ್ಚಿ ಹಾಕಿಕೊಂಡು ಅಲ್ಲಿ ಬಿಟ್ಟೆ, ಇಲ್ಲಿ ಬಿಟ್ಟೆ ಎಂದು ಹುಕುಂ ಮಾಡುತ್ತಿದ್ದ.

ಕಾಕಾನ ಹೆಂಡತಿ ಕಾಕಿಯ ವಿಷಯ ಕೊನೆಗೆ ಬಂತು, ಆದರೆ ಚಿಕ್ಕದಲ್ಲ. ಕಾಕಾ ನಮ್ಮ ಜೊತೆ ಆಸ್ಪತ್ರೆಯಲ್ಲಿದ್ದಾಗ ಅವರ ಹೊಲದಲ್ಲಿ ಕಡಲೆಗೆ ನೀರು ಬಿಡುವ ಹೊತ್ತು. ಕರೆಂಟ್ ಬರುವುದು ರಾತ್ರಿ. ಮನೆಯ ಟಾರ್ಚ್ ನಮ್ಮ ಕಾರಿಡಾರಿನಲ್ಲಿತ್ತು. ಕಾಕಿ ಮೊಬೈಲ್ ಬೆಳಕಿನಲ್ಲಿ ಪಂಪಿನ ಹತ್ತಿರ ನಡೆದು ಹೋಗಿ ಮಡೆ ತಿರುಗಿಸುತ್ತಿದ್ದರೆಂದು ಕಾಕಾ ಹೇಳಲಿಲ್ಲ, ಅವರ ಮಗ ಹೇಳಿದ. ಕಾಕಿಯನ್ನು ನಾನು ಇನ್ನೂ ಕಂಡಿಲ್ಲ.

ಈಗ ಕಾಣುತ್ತೇನೆ. ಸೈನ್ಯದ ದಾಖಲೆಯಲ್ಲಿ ಕಾಕಿಯ ಹೆಸರು ಒಂದು ರೀತಿ ಇದೆ, ಆಧಾರ್‌ನಲ್ಲಿ ಇನ್ನೊಂದು ರೀತಿ. ಯಾವುದೋ ಕಾಲದಲ್ಲಿ ಯಾರೋ ಕೇಳಿಸಿಕೊಂಡಂತೆ ಬರೆದದ್ದು. ಈ ಕಾರಣಕ್ಕೆ ಮಾಜಿ ಸೈನಿಕರ ಕುಟುಂಬದ ಚಿಕಿತ್ಸೆಗೆ ಬೇಕಾದ ಅವರ ಇಸಿಎಚ್‌ಎಸ್ ಕಾರ್ಡ್ ಆಗಿಲ್ಲ. ಎಂದರೆ ನಾಳೆ ಅವರೇ ಆಸ್ಪತ್ರೆ ಸೇರಿದರೆ ಅಪ್ಪನಿಗೆ ಸಿಕ್ಕ ಸೌಲಭ್ಯ ಅವರಿಗೆ ಸಿಗುವುದಿಲ್ಲ. ಅವ್ವನ ಹೆಸರಿಗೂ ಇದೇ ಗತಿಯಾಗಿತ್ತು, ಅದನ್ನು ಸರಿಪಡಿಸಿದ ದಾರಿ ನನಗೆ ಗೊತ್ತಿದೆ: ಅಫಿಡವಿಟ್, ಡಿಸ್ಚಾರ್ಜ್ ಬುಕ್ಕಿನ ಪ್ರತಿ, ರೆಕಾರ್ಡ್ ಆಫೀಸಿಗೆ ಅರ್ಜಿ, ಸೈನಿಕರ ಪಿಂಚಣಿಯ ಸ್ಪರ್ಶ್ ಪೋರ್ಟಲ್‌ನಲ್ಲಿ ತಿದ್ದುಪಡಿ. ಬರುವ ಭಾನುವಾರ ಬೆಳಗಿನ ರೈಲಿನಲ್ಲಿ ಬೀದರಿಗೆ, ಅಲ್ಲಿಂದ ಬಸ್ಸಿನಲ್ಲಿ ಔರಾದಕ್ಕೆ ಹೋಗುತ್ತಿದ್ದೇನೆ. ಔರಾದದಲ್ಲಿ ನೋಟರಿ ಯಾರಾದರೂ ಭಾನುವಾರ ಸಿಗುತ್ತಾರೆಯೇ, ಗೊತ್ತಿದ್ದವರು ತಿಳಿಸಿ.

ಅಪ್ಪನನ್ನು ನೋಡಲು ಬರುವವರು ಸಂಜೆ ಐದರ ನಂತರ ಬನ್ನಿ. ಹಣ್ಣು ತರಬೇಡಿ, ಫ್ರಿಜ್ಜಿನಲ್ಲಿ ಜಾಗವಿಲ್ಲ. ಭಾನುವಾರ ಬಂದರೆ ಚಹಾ ನೀವೇ ಮಾಡಿಕೊಳ್ಳಬೇಕಾದೀತು. ನಾನು ಊರಲ್ಲಿರುವುದಿಲ್ಲ, ಅವ್ವ ರಜೆಯಲ್ಲಿರುತ್ತಾಳೆ.